ಖಾಲಿ ಗಾಡಿ ತೂಕ

ಮೈಂದರ್ಗಿಯೊಳಗ ನಂದೊಂದು ಹಿಟ್ಟಿನ ಗಿರಣಿ.
ಹಿಟ್ಟು ದಪ್ಪ ಬಂತಂತ ಪುಟ್ಟಿ ಹೊಳ್ಳಿ ತಂದು
ಕಟ್ಟಿ ಮ್ಯಾಲ ಕುಕ್ಕಿ
ಬೈದು ಹೋಗೋರು ದಿನಾ ಒಬ್ಬರರೆ ಇರ್ತಾರ.
ಬೈಲಿ. ರೊಕ್ಕ ಕೊಟ್ಟಿರ್ತಾರ.

ನಮ್ಮ ಹೊಲದ ಸಾತಬಾರಾ ಮರಾಠಿಯೊಳಗ ಬರ್ತದ.
ಅವ್ವಗ ಓದಲಿಕ್ಕೆ ಬರೂದು ಕನ್ನಡ ಅಷ್ಟೇ,
ಅದೂ ದಪ್ಪ ಅಕ್ಷರ.
ತನ್ನ ಕಾಗದ ತಾನೇ ಕೈಯಾಗ ಹಿಡದು
ಮಂದಿ ಬಾಯಿ ನೋಡ್ಕೋತ ಮುದುಕಿ ಆದಾಕಿ.
ಹೋದ ವರ್ಷ ಗಿರಣಿಗೆ ಬಂದ ಹುಡುಗೊಬ್ಬ
ನನ್ನ ಫೋನಿನಾಗ ಏನೋ ಹಾಕಿಕೊಟ್ಟ:
ಕಾಗದದ ಫೋಟೋ ಹೊಡದರ ಕನ್ನಡ ಆಗ್ತದ.
ಗಟ್ ನಂಬರ್, ಆಕಾರ, ಭೋಗವಟಾದಾರ, ಬಾವಿಯೊಳಗಿನ ಪಾಲು ಸೈತ.
ಅವ್ವ ಚಾಳೀಸು ಏರಿಸಿ ಒಂದು ಸಲ ಓದಿದಳು.
ಎರಡನೇ ಸಲ ಜೋರಾಗಿ ಓದಿದಳು,
ಗ್ವಾದಲ್ಯಾಗಿನ ಎಮ್ಮಿಗೆ ಕೇಳೂವಷ್ಟು.

ಪುಕ್ಕಟೆ ಅದ ಅಂದ ಹುಡುಗ.
ಯಾರು ಮಾಡ್ಯಾರ ಅಂತ ನಾ ಕೇಳಲಿಲ್ಲ.
ಗಾಳಿ ಯಾರು ಮಾಡ್ಯಾರ ಅಂತ ಕೇಳ್ತೀವೇನು?

ಎಳ್ಳಮಾಸಿ ಮರುದಿನ
ನಮ್ಮ ಹಾವಳಗಿ ಹೋಗಿ ಹಾವಲಗಿ ಆತು.
ಎಲ್ಲಾ ಳ ಹೋಗಿ ಲ.
ಮುಂಜಾನೆ ತಲಾಠಿ ಕಡೆ ಹೋಗೂದಿತ್ತು.
ರಾತ್ರಿ ಹನ್ನೊಂದಕ್ಕ ಕುಂತು ಬರದೆ:
ಏನ್ ಹಚ್ಚೀ ಇದು,
ಬರದಿದ್ದರ ಯಾಕ ಮಾಡಬೇಕು,
ಹೊತ್ತು ಹೊಂಡೂದ್ರಾಗ ಸರಿ ಆಗಬೇಕು,
ಇಲ್ಲಂದ್ರ ಊರ ತುಂಬ ಹೇಳ್ತೀನಿ ನಿಂದು ತಗದು ಒಗೀರಿ ಅಂತ.
ಇನ್ನೂ ಬರದೆ. ಹದಿನಾಲ್ಕು ಸಾಲು.
ಬರದು ಮಲಗಿದರ ಛಲೋ ನಿದ್ದಿ ಬಂತು.

ನಸುಕಿನ್ಯಾಗ ಉತ್ತರ ಬಂದಿತ್ತು:
ಳ ಸರಿ ಮಾಡೀನ್ರಿ. ಹೊಸಾದು ಇಳಿಸಿಕೊಳ್ರಿ.
ತಿಳಿಸಿದ್ದು ಉಪಕಾರ ಆತು.

ನನ್ನ ಬೈಗಳದ ಸುದ್ದೀನೇ ಇಲ್ಲ.
ಆ ಉಪಕಾರ ಅನ್ನೂದು
ರೊಟ್ಟಿಯಾಗಿನ ಹರಳಿನಂಗ ಹಲ್ಲಿಗೆ ಹತ್ತಿತು.
ಆವಾಗ ಕೆಳತನಾ ಜಗ್ಗಿ ನೋಡಿದೆ. ಸಣ್ಣ ಅಕ್ಷರ:
ರೊಕ್ಕ ಬ್ಯಾಡ. ತಪ್ಪು ಕಂಡರ ತಿಳಸ್ರಿ,
ಗಾಡಿ ಇಲ್ಲದಾಗ ನೋಡ್ತೀನಿ.
ಸುಗಲಾ, ಕಾಟಾ ಎರಡು, ರಾತ್ರಿ ಪಾಳಿ.

ಹದಿನೈದು ದಿನ ಬಿಟ್ಟು
ಅಳಿಯನ ಕಬ್ಬಿನ ಜೋಡಿ ಕಾರಖಾನೆಗೆ ಹೋದೆ.
ರಾತ್ರಿ ಎರಡು. ಮುಂದ ನಲವತ್ತು ಟ್ರ್ಯಾಕ್ಟರ್.
ಗಾಜಿನ ಖೋಲಿಯೊಳಗ ಮಫ್ಲರ್ ಸುತ್ತಿದಾಕಿ ಒಬ್ಬಾಕಿ,
ಗಾಡಿ ಹತ್ತಿದರ ಅಂಕಿ ನೋಡ್ತಾಳ,
ಇಳಿದರ ಬಾಜೂಕಿನ ತನ್ನ ಕಂಪ್ಯೂಟರಿಗೆ ತಿರುಗಿ
ನಾಲ್ಕು ಅಕ್ಷರ ಹೊಡಿತಾಳ,
ಮತ್ತ ಗಾಡಿ.
ನನ್ನ ಳ ಇಂಥಾ ಎಷ್ಟು ಗಾಡಿ ನಡುವ ಸರಿ ಆಗಿರಬೇಕು?

ಲಗೂ ಮಾಡವ್ವಾ, ಡೀಸೆಲ್ ನಿಮ್ಮಪ್ಪ ಹಾಕ್ತಾನೇನು
ಅಂತ ಹಿಂದಿಂದ ಒಬ್ಬ.
ತಲಿ ಎತ್ತಲಿಲ್ಲ. ತುಂಬಿದ್ದು ಇಪ್ಪತ್ತೊಂದು ಟನ್,
ಖಾಲಿ ಮಾಡಿ ಬರ್ರಿ, ಗಾಡಿ ಕಳದು ಕಬ್ಬು ಹೇಳ್ತೀನಿ.

ನನ್ನದೂ ಹಿಂಗೇ ತೂಗಿರಬೇಕು ಆಕಿ.
ಹದಿನಾಲ್ಕು ಸಾಲಿನಾಗ
ಇಂಜಿನ್ ಕಳದು, ಹೊಗಿ ಕಳದು, ಹಾರ್ನ್ ಕಳದು
ಉಳದದ್ದು ಒಂದು ಅಕ್ಷರ.
ಅದಷ್ಟೇ ಒಳಗ ತಗೊಂಡಾಳ.

ಆದರ ಖಾಲಿ ಗಾಡೀನೂ ಕಾಟಾ ಹತ್ತೇ ಹತ್ತತದ.
ನಾ ನಿಂತು ನೋಡಿದೆ,
ಕಬ್ಬಿರಲಿ ಬಿಡಲಿ
ಹಲಗಿ ಪ್ರತಿ ಸಲ ಬಾಗ್ತಿತ್ತು.

ನಮ್ಮ ಪಾಳಿ ಬಂತು. ಹೆಸರು ಕೇಳಿದಳು.
ಅಳಿಯಂದು ಹೇಳಿದೆ.
ಕಬ್ಬು ಅವಂದೇ, ಸುಳ್ಳೇನಲ್ಲ.

ಮನಿಗೆ ಬಂದು ಮತ್ತ ಬರದೆ.
ಅವ್ವ ಜೋರಾಗಿ ಓದಿದ್ದು, ಎಮ್ಮಿ ಕಿವಿ ನಿಗರಿಸಿದ್ದು,
ಆವತ್ತು ನಾ ಬರದದ್ದು ಮನಶ್ಯಾ ಬರಿಯೂದಲ್ಲ ಅಂತ.
ಕಡೀಕ ಒಂದು ತಪ್ಪೂ ಬರದೆ,
ಆಕಾರದ ಕಾಲಂದಾಗ ಪೈಸೆ ಕಾಣವಲ್ಲವು,
ಅವಸರ ಇಲ್ಲ,
ಹಂಗಾಮು ಮುಗದ ಮ್ಯಾಲ ನೋಡ್ರಿ.

ಹಂಗಾಮು ಅಂದದ್ದಕ್ಕ ಆಕಿಗೆ ಗೊತ್ತಾಗಿರಬಹುದು
ಗಾಜಿನ ಹೊರಗ ನಿಂತು ನೋಡಿದಾವ ಒಬ್ಬ ಇದ್ದ ಅಂತ.
ಗೊತ್ತಾಗಲಿ.